ಮೂಗಿನ ಅಲರ್ಜಿ: ಕಷಾಯಕ್ಕೆ ಮೊದಲು ಮಾಡಬೇಕಾದ ಕೆಲಸಗಳು

ಬೆಳಿಗ್ಗೆ ಎದ್ದ ಕೂಡಲೇ ಬಿಟ್ಟೂ ಬಿಡದೆ ಹತ್ತು ಹನ್ನೆರಡು ಸೀನು. ಮೂಗಿನೊಳಗೆ, ಅಂಗುಳಿನಲ್ಲಿ, ಕಣ್ಣಿನ ಮೂಲೆಯಲ್ಲಿ ತಡೆಯಲಾರದ ತುರಿಕೆ. ಕರವಸ್ತ್ರ ಒದ್ದೆಯಾಗುವಷ್ಟು ನೀರು. ಬಿಸಿಲೇರುವ ಹೊತ್ತಿಗೆ ಎಲ್ಲವೂ ತಣ್ಣಗಾಗಿ, ಮಾರನೆಯ ಬೆಳಿಗ್ಗೆ ಮತ್ತೆ ಮೊದಲಿನಿಂದ ಶುರು. ಇಂಥ ಮೂಗು ಹೊತ್ತವರಿಗೆ ನಮ್ಮಲ್ಲಿ ಸಲಹೆಗಳಿಗೇನೂ ಬರವಿಲ್ಲ. ಮೆಣಸಿನ ಕಷಾಯ ಕುಡಿಯಿರಿ, ಅರಿಸಿನದ ಹಾಲು ಕುಡಿಯಿರಿ, ಮೊಸರು ಬಿಡಿ, ಬಾಳೆಹಣ್ಣು ಮುಟ್ಟಬೇಡಿ ಎಂದು ಮನೆಗೆ ಬಂದ ನೆಂಟರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತಾರೆ.

ಈ ಮದ್ದುಗಳೆಲ್ಲ ಅಡುಗೆಮನೆಯವು. ಅಲರ್ಜಿಯ ಮೂಗಿಗೆ ನಿಜವಾಗಿ ನೆಮ್ಮದಿ ಕೊಡುವ ಎರಡು ದೊಡ್ಡ ಕೆಲಸಗಳಲ್ಲಿ ಒಂದು ಮಲಗುವ ಕೋಣೆಯಲ್ಲಿದೆ, ಇನ್ನೊಂದು ಬಚ್ಚಲುಮನೆಯಲ್ಲಿ. ಮೂಗಿಗೆ ತಾಗುವುದನ್ನು ಕಡಿಮೆ ಮಾಡುವುದು ಮೊದಲನೆಯದು; ತಾಗಿದ್ದನ್ನು ತೊಳೆದು ಹಾಕುವುದು ಎರಡನೆಯದು. ಕಷಾಯದ ಸರದಿ ಆಮೇಲೆ. ಈ ಮಾರ್ಗದರ್ಶಿಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಒಂದೇ ದಿನ ಎಲ್ಲವನ್ನೂ ಹಚ್ಚಿಕೊಳ್ಳಬೇಡಿ. ಹಾಗೆ ಮಾಡಿದರೆ ಯಾವುದರಿಂದ ಗುಣವಾಯಿತು ಎಂಬುದೇ ತಿಳಿಯುವುದಿಲ್ಲ.

ಇನ್ನೊಂದು ಮಾತು. ನೈಸರ್ಗಿಕ ಎಂದಮಾತ್ರಕ್ಕೆ ಅದು ನಿರುಪದ್ರವಿಯಲ್ಲ. ಕಾಂಗ್ರೆಸ್ ಗಿಡದ ಪರಾಗವೂ ಅಪ್ಪಟ ನೈಸರ್ಗಿಕವೇ.

ಹಂತ 1: ಇದು ಅಲರ್ಜಿಯೇ, ನೆಗಡಿಯೇ?

ವೈರಸ್‌ನಿಂದ ಬರುವ ನೆಗಡಿಯಲ್ಲಿ ಮೈಕೈ ನೋವು, ಗಂಟಲು ಕೆರೆತ, ಕೆಲವೊಮ್ಮೆ ಜ್ವರ ಇರುತ್ತವೆ. ಮೊದಮೊದಲು ನೀರಾಗಿದ್ದ ಸಿಂಬಳ ದಿನ ಕಳೆದಂತೆ ಗಟ್ಟಿಯಾಗುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಅದು ತಾನಾಗಿ ಮುಗಿಯುತ್ತದೆ. ಅಲರ್ಜಿಯಲ್ಲಿ ಜ್ವರವಿಲ್ಲ, ತುರಿಕೆ ಇದೆ. ಸಿಂಬಳ ತಿಳಿನೀರಿನಂತೆಯೇ ಉಳಿಯುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಕಾಡುತ್ತದೆ. ಇಲ್ಲವೇ ವರ್ಷದ ಒಂದೇ ಕಾಲದಲ್ಲಿ ತಪ್ಪದೆ ಹಾಜರಾಗುತ್ತದೆ. ಮಕ್ಕಳಲ್ಲಿ ಇನ್ನೂ ಕೆಲವು ಗುರುತುಗಳಿವೆ: ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿಕೊಳ್ಳುವ ಅಭ್ಯಾಸ, ಅದರಿಂದಾಗಿ ಮೂಗಿನ ಮೇಲೆ ಬೀಳುವ ಅಡ್ಡಗೆರೆ, ಕಣ್ಣಿನ ಕೆಳಗೆ ಕಪ್ಪು, ಬಾಯಿ ತೆರೆದು ಮಲಗುವುದು. ‘ನಮ್ಮ ಮಗುವಿಗೆ ತಿಂಗಳಿಗೆರಡು ಸಲ ಶೀತ’ ಎನ್ನುವ ಮನೆಗಳಲ್ಲಿ ಎಷ್ಟೋ ಸಲ ಅದು ಶೀತವಾಗಿರುವುದೇ ಇಲ್ಲ.

ಒಳಗೆ ನಡೆಯುವುದು ಇಷ್ಟು. ಯಾರಿಗೂ ಕೇಡು ಮಾಡದ ಒಂದು ಕಣವನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಪ್ಪಾಗಿ ತಿಳಿದು, ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯಗಳನ್ನು ಸಿದ್ಧಪಡಿಸಿಟ್ಟುಕೊಳ್ಳುತ್ತದೆ. ಅವು ಮೂಗಿನ ಒಳಪೊರೆಯ ಮಾಸ್ಟ್ ಕೋಶಗಳ ಮೇಲೆ ಕಾದು ಕುಳಿತಿರುತ್ತವೆ. ಅದೇ ಕಣ ಮತ್ತೆ ಬಂದಾಗ ಆ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಸೀನು, ತುರಿಕೆ, ಸೋರುವಿಕೆ ಶುರುವಾಗಲು ಕೆಲವೇ ನಿಮಿಷ ಸಾಕು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾಲ್ಕಾರು ಗಂಟೆಗಳ ನಂತರ ಎರಡನೆಯ ಅಲೆ ಬರುತ್ತದೆ. ಆಗ ಒಳಪೊರೆ ಊದಿಕೊಂಡು ಮೂಗು ಕಟ್ಟುತ್ತದೆ. ಸಂಜೆ ಅಟ್ಟ ಗುಡಿಸಿದವರಿಗೆ ನಡುರಾತ್ರಿ ಮೂಗು ಕಟ್ಟುವುದು ಇದರಿಂದಲೇ. ಅವರು ದೂರುವುದು ಮಾತ್ರ ರಾತ್ರಿಯೂಟದ ಮೊಸರನ್ನು.

ಹಂತ 2: ಕಾರಣವನ್ನು ಹಿಡಿಯುವುದು

ಒಂದು ಹಳೆಯ ನೋಟುಪುಸ್ತಕ ಸಾಕು. ಎರಡು ಮೂರು ವಾರ, ಸೀನು ಬಂದಾಗಲೆಲ್ಲ ಸಮಯ, ಜಾಗ ಮತ್ತು ಆಗ ಮಾಡುತ್ತಿದ್ದ ಕೆಲಸವನ್ನು ಬರೆದಿಡಿ. ಮೂಗು ಕಟ್ಟಿದ್ದರೆ ಹಿಂದಿನ ಐದಾರು ಗಂಟೆಗಳಲ್ಲಿ ಎಲ್ಲಿದ್ದಿರಿ ಎಂಬುದನ್ನೂ ಬರೆಯಿರಿ.

ಹಾಸಿಗೆಯಿಂದ ಏಳುವಾಗ ಜೋರು, ಹೊರಗೆ ಹೋದ ಮೇಲೆ ಕಡಿಮೆ ಎಂದಾದರೆ ಮೊದಲ ಅನುಮಾನ ದೂಳಿನ ನುಸಿಯ ಮೇಲೆ. ಮನೆಯಲ್ಲಿ ಸುಖವಾಗಿದ್ದು, ಹೊಲದ ಬದು, ಖಾಲಿ ನಿವೇಶನ, ರೈಲು ಹಳಿಯ ಪಕ್ಕ ಹೋದಾಗ ಕೆರಳಿದರೆ ಪರಾಗ. ಹಳೆಯ ಕಾಗದಪತ್ರ, ಗೋಡೆಯ ತೇವ, ಒದ್ದೆ ಹುಲ್ಲಿನ ಬಣವೆ ಎಂದರೆ ಬೂಷ್ಟು. ನೆಂಟರ ಮನೆಯ ಬೆಕ್ಕು ಮಡಿಲೇರಿದಾಗ ಮಾತ್ರ ಎಂದರೆ ಉತ್ತರ ಅಲ್ಲೇ ಇದೆ. ಅಡುಗೆಮನೆಯ ಜಿರಲೆಯನ್ನು ಈ ಪಟ್ಟಿಗೆ ಸೇರಿಸಲು ಯಾರಿಗೂ ಹೊಳೆಯುವುದಿಲ್ಲ. ಅದರ ಹಿಕ್ಕೆ ಮತ್ತು ಒಣಗಿದ ದೇಹದ ಪುಡಿ ಬಲವಾದ ಅಲರ್ಜಿಕಾರಕ.

ಒಗ್ಗರಣೆಯ ಘಾಟು, ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿ, ಗಾಢ ಅತ್ತರು, ಮುಡಿದ ಮಲ್ಲಿಗೆಯ ಪರಿಮಳ ಇವು ಬೇರೆ ಗುಂಪು. ಅಲರ್ಜಿ ಇಲ್ಲದವರ ಮೂಗನ್ನೂ ಇವು ಕೆರಳಿಸಬಲ್ಲವು. ಮೊದಲೇ ಊದಿರುವ ಮೂಗನ್ನಂತೂ ಇನ್ನಷ್ಟು. ದೇವರಮನೆ ಮಲಗುವ ಕೋಣೆಯಲ್ಲೇ ಇದ್ದರೆ ದೀಪ ಸಾಕು, ಹೊಗೆ ಬೇಡ. ಸೊಳ್ಳೆಬತ್ತಿಯ ಜಾಗಕ್ಕೆ ಸೊಳ್ಳೆಪರದೆ ಬರಲಿ. ಪರದೆಯನ್ನೂ ಆಗಾಗ ಒಗೆಯಬೇಕು, ಇಲ್ಲದಿದ್ದರೆ ಅದೇ ದೂಳಿನ ಚಪ್ಪರವಾಗುತ್ತದೆ.

ಹಂತ 3: ಮಲಗುವ ಕೋಣೆ

ದಿನದ ಮೂರನೇ ಒಂದು ಭಾಗವನ್ನು ನಾವು ಕಳೆಯುವುದು ಮೂಗನ್ನು ದಿಂಬಿಗೆ ಒತ್ತಿಕೊಂಡು. ಆ ದಿಂಬಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ, ಮಿಲಿಮೀಟರಿನ ಕಾಲುಭಾಗದಷ್ಟಿರುವ ನುಸಿಗಳು ಸಂಸಾರ ಹೂಡಿರುತ್ತವೆ. ಅವು ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುತ್ತವೆ. ಮೂಗನ್ನು ಕೆರಳಿಸುವುದು ಮುಖ್ಯವಾಗಿ ಅವುಗಳ ಹಿಕ್ಕೆ. ಈ ಜೀವಿಗಳ ದೌರ್ಬಲ್ಯ ಒಂದೇ: ಅವು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಮೈಯಿಂದಲೇ ಹೀರಿಕೊಳ್ಳುತ್ತವೆ. ಗಾಳಿಯ ಆರ್ದ್ರತೆ ಶೇ 50ಕ್ಕಿಂತ ಕೆಳಗೆ ಹೆಚ್ಚು ಕಾಲ ನಿಂತರೆ ಒಣಗಿ ಸಾಯುತ್ತವೆ.

ಮೊದಲ ಖರ್ಚು ದಿಂಬು ಮತ್ತು ಹಾಸಿಗೆಗೆ ನುಸಿ ತಡೆಯುವ, ಜಿಪ್ ಇರುವ ಕವಚ. ಒತ್ತಾದ ನೇಯ್ಗೆಯ ಈ ಬಟ್ಟೆ ಒಳಗಿನ ಹಿಕ್ಕೆಯನ್ನು ಹೊರಬಿಡುವುದಿಲ್ಲ, ಹೊರಗಿನ ಚರ್ಮದ ಹೊಟ್ಟನ್ನು ಒಳಬಿಡುವುದಿಲ್ಲ. ಹಣ ಕಡಿಮೆ ಇದ್ದರೆ ದಿಂಬಿನಿಂದ ಆರಂಭಿಸಿ. ಮೂಗಿಗೆ ಅದೇ ಹತ್ತಿರ. ವರ್ಷಗಟ್ಟಲೆ ಬಳಸಿ ಗಂಟುಗಟ್ಟಿದ ಬೂರುಗದ ಹತ್ತಿಯ ದಿಂಬನ್ನು ಉಳಿಸಿಕೊಳ್ಳುವ ಮೋಹ ಬೇಡ.

ಎರಡನೆಯದು ಒಗೆತ. ದಿಂಬಿನ ಚೀಲ, ಹಾಸು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆದರೆ ನುಸಿಗಳು ಸಾಯುತ್ತವೆ, ಹಿಕ್ಕೆಯೂ ತೊಳೆದುಹೋಗುತ್ತದೆ. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆ ಬಹುಪಾಲು ಹೋಗುತ್ತದೆ, ಆದರೆ ನುಸಿ ಉಳಿದುಕೊಂಡು ಮತ್ತೆ ಹೆಚ್ಚುತ್ತದೆ. ಯಂತ್ರದಲ್ಲಿ ಬಿಸಿನೀರಿನ ಸೌಲಭ್ಯ ಇಲ್ಲದಿದ್ದರೆ ಹಂಡೆಯ ಸುಡುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ ಆಮೇಲೆ ಒಗೆಯಿರಿ. ಬಕೆಟ್ಟಿನ ಹತ್ತಿರ ಮಕ್ಕಳು ಸುಳಿಯದಂತೆ ನೋಡಿಕೊಳ್ಳಿ.

ಹೊದಿಕೆಯ ಆಯ್ಕೆಯಲ್ಲಿ ಉತ್ತರ ಕರ್ನಾಟಕದ ಕೌದಿಗೆ ನನ್ನ ಓಟು. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿಯನ್ನು ಬಿಸಿನೀರಿನಲ್ಲಿ ನೆನೆಸಿ, ಕುಕ್ಕಿ ಒಗೆದು, ಬಿಸಿಲಿಗೆ ಹರವಬಹುದು. ಉಣ್ಣೆಯ ಕಂಬಳಿಗೆ ಆ ಭಾಗ್ಯವಿಲ್ಲ. ಒಗೆಯಲಾಗದ ಕಂಬಳಿ, ರಜಾಯಿಗಳನ್ನು ಬಳಸಲೇಬೇಕೆಂದಿದ್ದರೆ ಅವಕ್ಕೂ ಒಗೆಯಬಹುದಾದ ಬಟ್ಟೆಯ ಗವಸು ಹಾಕಿ. ಹಾಸಿಗೆಯನ್ನು ಬೇಸಿಗೆಯಲ್ಲಿ ತಾರಸಿಯ ಮೇಲೆ ಕಾಯಿಸುವ ನಮ್ಮ ಹಿರಿಯರ ಪದ್ಧತಿ ಸರಿಯಾದದ್ದೇ. ಕಡು ಬಿಸಿಲು ತೇವವನ್ನು ಹೀರಿ ನುಸಿಯನ್ನು ಕೊಲ್ಲುತ್ತದೆ. ಆದರೆ ಸತ್ತ ನುಸಿ ಮತ್ತು ಹಿಕ್ಕೆ ಅಲ್ಲೇ ಉಳಿಯುತ್ತವೆ. ಆದ್ದರಿಂದ ಕಾಯಿಸಿದ ಮೇಲೆ ಚೆನ್ನಾಗಿ ಬಡಿದು ಒಳಗೆ ತರಬೇಕು. ಬಡಿಯುವವರು ಅಲರ್ಜಿ ಇರುವವರಾಗಿರಬಾರದು. ಒಗೆಯಲಾಗದ ಮಕ್ಕಳ ಮೆತ್ತನೆಯ ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಪೂರ್ತಿ ಫ್ರೀಜರಿನಲ್ಲಿಟ್ಟರೆ ನುಸಿ ಸಾಯುತ್ತದೆ. ಹೊರತೆಗೆದು ಹೊರಗೆಲ್ಲೋ ಕೊಡವಿ.

ಗುಡಿಸುವುದರ ಬಗ್ಗೆ ಎರಡು ಮಾತು. ಒಣ ಪೊರಕೆ ದೂಳನ್ನು ತೆಗೆಯುವುದಕ್ಕಿಂತ ಎಬ್ಬಿಸುವುದೇ ಹೆಚ್ಚು. ನುಸಿಯ ಹಿಕ್ಕೆ ಭಾರವಾದ್ದರಿಂದ ಎದ್ದ ಮೇಲೆ ಸುಮಾರು ಅರ್ಧ ಗಂಟೆಯೊಳಗೆ ಮತ್ತೆ ಕೆಳಗೆ ಕೂರುತ್ತದೆ. ನೆಲ, ಕಪಾಟು, ಫ್ಯಾನಿನ ರೆಕ್ಕೆ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಮನೆಯಲ್ಲಿ ಬೇರೆ ಯಾರಾದರೂ ಒರೆಸುತ್ತಿದ್ದರೆ ಆ ಹೊತ್ತು ಮತ್ತು ಅದರ ಮುಂದಿನ ಅರ್ಧ ಗಂಟೆ ಆ ಕೋಣೆಗೆ ಹೋಗಬೇಡಿ. ನೀವೇ ಮಾಡಬೇಕಿದ್ದರೆ ಎನ್‌95 ಮುಖಗವಸು ಹಾಕಿಕೊಳ್ಳಿ. ಯುಗಾದಿ, ದೀಪಾವಳಿಯ ಮುಂಚಿನ ಮಹಾ ಶುಚಿಕಾರ್ಯಕ್ಕೆ ಇದು ಇನ್ನೂ ಹೆಚ್ಚು ಅನ್ವಯ. ಗಾಳಿ ಶುದ್ಧೀಕರಿಸುವ ಯಂತ್ರದ ಜಾಹೀರಾತು ನೋಡಿ ಸಾವಿರಾರು ರೂಪಾಯಿ ಸುರಿಯುವ ಮುನ್ನ ನುಸಿಯ ಹಿಕ್ಕೆ ಬೇಗ ಕೆಳಗೆ ಕೂರುತ್ತದೆ ಎಂಬುದನ್ನು ನೆನಪಿಡಿ. ಪರಾಗ, ಹೊಗೆ, ಬೆಕ್ಕಿನ ಅಲರ್ಜಿಕಾರಕಗಳಂತೆ ಗಾಳಿಯಲ್ಲಿ ತೇಲುವ ಕಣಗಳಿಗೆ ಆ ಯಂತ್ರದೊಳಗಿನ, ಅತಿಸಣ್ಣ ಕಣಗಳನ್ನು ಹಿಡಿಯುವ ಹೆಪಾ ಶೋಧಕ ಕೆಲಸಕ್ಕೆ ಬರುತ್ತದೆ. ಹಾಸಿಗೆಯಲ್ಲಿ ಅಡಗಿದ ನುಸಿಗೆ ಅದರಿಂದ ಏನೂ ಆಗುವುದಿಲ್ಲ.

ಊರಿಗೆ ತಕ್ಕಂತೆ ಕಷ್ಟವೂ ಬೇರೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ದ್ರತೆಯನ್ನು ಶೇ 50ಕ್ಕೆ ಇಳಿಸುವ ಮಾತು ಹಗಲುಗನಸು. ಅಲ್ಲಿ ಕವಚ ಮತ್ತು ಬಿಸಿನೀರಿನ ಒಗೆತವನ್ನೇ ನೆಚ್ಚಿಕೊಳ್ಳಬೇಕು. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸುವುದನ್ನು ನಿಲ್ಲಿಸಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದು ಗಾಳಿಯಾಡಲು ಬಿಡಿ, ಬೂಷ್ಟು ಕಂಡ ಕಡೆ ಒರೆಸಿ ಒಣಗಿಸಿ, ಸೋರುವ ಜಾಗವನ್ನು ಮೊದಲು ಸರಿಪಡಿಸಿ. ಇನ್ನು ಕಲಬುರಗಿ, ರಾಯಚೂರಿನಂಥ ಒಣ ಊರುಗಳಲ್ಲಿ ನುಸಿಗೆ ಕಷ್ಟವೇ. ಆದರೆ ಬೇಸಿಗೆಯಲ್ಲಿ ಹಗಲಿರುಳು ಓಡುವ ಕೂಲರ್ ಆ ಒಣಗಾಳಿಗೆ ತೇವ ಸೇರಿಸುತ್ತದೆ, ಅದರ ಹುಲ್ಲಿನ ಪ್ಯಾಡಿನಲ್ಲಿ ಬೂಷ್ಟು ಬೆಳೆಯುತ್ತದೆ. ಪ್ರತಿ ಬೇಸಿಗೆಗೂ ಪ್ಯಾಡ್ ಬದಲಿಸಿ, ತೊಟ್ಟಿಯ ನೀರನ್ನು ಆಗಾಗ ಖಾಲಿ ಮಾಡಿ ತೊಳೆಯಿರಿ. ಎಸಿ ಇದ್ದವರು ಅದರ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆದರೆ ಸಾಕು.

ಹಂತ 4: ಹೊರಗಿನ ಪರಾಗ

ಬೆಂಗಳೂರಿನಲ್ಲಿ ಟಬೂಬಿಯಾ ಮರಗಳು ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ‘ನನ್ನ ಸೀನಿಗೆ ಇದೇ ಕಾರಣ’ ಎನ್ನುವವರು ಹೊರಡುತ್ತಾರೆ. ಪಾಪ, ಆ ಹೂವಿನ ತಪ್ಪು ಅತಿ ಕಡಿಮೆ. ಬಣ್ಣ ತೋರಿಸಿ ದುಂಬಿಯನ್ನು ಕರೆಯುವ ಹೂಗಳ ಪರಾಗ ಭಾರ, ಅಂಟು. ಅದು ಗಾಳಿಯಲ್ಲಿ ದೂರ ಹೋಗುವುದಿಲ್ಲ. ಮೂಗಿಗೆ ಕಂಟಕವಾಗುವುದು ಸಾಮಾನ್ಯವಾಗಿ ಯಾರೂ ಹೂವೆಂದು ಗುರುತಿಸದ ಹೂಗಳು: ಹುಲ್ಲು, ಸರ್ವೆ, ಬಳ್ಳಾರಿ ಜಾಲಿ, ಹರಳು, ಕಳೆಗಿಡಗಳು. ಅವುಗಳಲ್ಲಿ ನಮ್ಮ ನಾಡಿಗೆ ದೊಡ್ಡ ಹೆಸರು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಜನರ ಗಮನಕ್ಕೆ ಬಂತು. ಆಮದಾದ ಗೋಧಿಯ ಜೊತೆ ಬಂದಿತೆಂಬುದು ವ್ಯಾಪಕ ನಂಬಿಕೆ. ಇದನ್ನು ತಿಂದು ತೇಗಲೆಂದು ಮೆಕ್ಸಿಕೊದಿಂದ ತಂದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಚೆನ್ನಾಗಿಯೇ ಮೇಯುತ್ತದೆ. ಆದರೂ ಗಿಡ ಸೋತಿಲ್ಲ.

ಮಳೆ ಬಿದ್ದ ಮೇಲೆ ಖಾಲಿ ನಿವೇಶನಗಳಲ್ಲಿ ಮೊಳೆತ ಈ ಗಿಡವನ್ನು ಬಿಳಿ ಹೂ ಬಿಡುವ ಮುನ್ನ, ನೆಲ ಒದ್ದೆ ಇರುವಾಗ, ಬೇರುಸಹಿತ ಕಿತ್ತರೆ ಬಡಾವಣೆಗೆಲ್ಲ ಉಪಕಾರ. ಕೈಗವಸು, ತುಂಬುತೋಳಿನ ಅಂಗಿ ಕಡ್ಡಾಯ, ಏಕೆಂದರೆ ಇದು ಚರ್ಮಕ್ಕೂ ಕಜ್ಜಿ ತರಿಸುತ್ತದೆ. ಮೂಗಿನ ಅಲರ್ಜಿ ಇರುವವರು ಕೀಳುವ ತಂಡದಲ್ಲಿರಬಾರದು. ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರಿಗೆ ಇಲ್ಲೊಂದು ಸೂಚನೆ: ಅಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗಾಳಿ ತುಂಬುವ ರ‍್ಯಾಗ್‌ವೀಡ್ ಈ ಗಿಡದ ಬಳಗದ್ದೇ. ಒಂದರ ಪರಾಗಕ್ಕೆ ಹದಗೆಟ್ಟ ಮೂಗು ಇನ್ನೊಂದಕ್ಕೂ ಕೆರಳಬಹುದು.

ಪರಾಗದ ಕಾಲದಲ್ಲಿ ಮಾಡಬೇಕಾದದ್ದು ಸಣ್ಣಪುಟ್ಟ ಕೆಲಸಗಳೇ. ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿರಲಿ, ಒಳಗೆ ಮುಖಗವಸಿರಲಿ. ಮನೆಗೆ ಬಂದ ಕೂಡಲೇ ಹೊರಗಿನ ಬಟ್ಟೆ ಬದಲಿಸಿ, ಮುಖ, ರೆಪ್ಪೆ, ಹುಬ್ಬು ತೊಳೆಯಿರಿ. ಆ ಬಟ್ಟೆಯಲ್ಲಿಯೇ ಹಾಸಿಗೆಯ ಮೇಲೆ ಉರುಳಬೇಡಿ. ಎಣ್ಣೆ ಹಚ್ಚಿದ ಕೂದಲಿಗೆ ಪರಾಗ ಸುಲಭವಾಗಿ ಅಂಟಿ, ರಾತ್ರಿ ದಿಂಬಿಗೆ ವರ್ಗವಾಗುತ್ತದೆ. ಹಾಗಾಗಿ ಆ ಕಾಲದಲ್ಲಿ ಹೊರಗೆ ಹೋಗುವಾಗ ತಲೆಗೆ ಬಟ್ಟೆ ಕಟ್ಟಿ, ಬಂದ ಮೇಲೆ ಸ್ನಾನ ಮಾಡಿ. ‘ರಾತ್ರಿ ತಲೆಸ್ನಾನ ಮಾಡಿದರೆ ಶೀತ’ ಎಂದು ಹೆದರುವವರು ಒದ್ದೆ ಬಟ್ಟೆಯಿಂದ ಕೂದಲನ್ನು ಒರೆಸಿಕೊಂಡರೂ ಆದೀತು. ಪರಾಗದ ಅಲರ್ಜಿ ಇದ್ದರೆ ಆ ಕೆಲವು ವಾರ ಹೊದಿಕೆಯನ್ನು ಹೊರಗೆ ಒಣಹಾಕಬೇಡಿ. ಹಿಂದಿನ ಹಂತದಲ್ಲಿ ಹೊಗಳಿದ ಬಿಸಿಲು ಇಲ್ಲಿ ಎರಡಲಗಿನ ಕತ್ತಿ.

ಮೂಗಿನ ಹೊಳ್ಳೆಯ ಅಂಚಿಗೆ ತೆಳುವಾಗಿ ವ್ಯಾಸಲೀನ್ ಸವರಿಕೊಂಡು ಹೊರಗೆ ಹೋಗುವುದು ಕೆಲವರಿಗೆ ಹಿಡಿಸುತ್ತದೆ; ಒಳಹೋಗುವ ಪರಾಗ ಸ್ವಲ್ಪ ಅಲ್ಲೇ ಅಂಟಿಕೊಳ್ಳುತ್ತದೆ. ಅಂಚಿಗೆ ಮಾತ್ರ. ಎಣ್ಣೆ ಜಾತಿಯ ಪದಾರ್ಥಗಳನ್ನು ದಿನವೂ ಮೂಗಿನ ಆಳಕ್ಕೆ ಹಾಕುತ್ತಾ ಹೋದರೆ ಅದು ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯಾ ತರುವ ಅಪಾಯವಿದೆ. ಮೂಗಿಗೆ ಔಷಧಿಯ ಎಣ್ಣೆ ಬಿಡುವ ಆಯುರ್ವೇದದ ನಸ್ಯ ಚಿಕಿತ್ಸೆ ಮಾಡಿಸಿಕೊಳ್ಳುವವರು ವೈದ್ಯರ ಕಣ್ಣೆದುರೇ ಮಾಡಿಸಿಕೊಳ್ಳಲಿ.

ಹಂತ 5: ಉಪ್ಪುನೀರಿನ ತೊಳೆತ

ಔಷಧಿಯಿಲ್ಲದೆ ಮೂಗಿಗೆ ನೇರವಾಗಿ ಮಾಡಬಹುದಾದ ಉಪಚಾರಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಜಲನೇತಿಗೆ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದಕ್ಕೆ. ಕೂತ ಪರಾಗ, ದೂಳು, ಗಟ್ಟಿ ಸಿಂಬಳ, ಉರಿಯೂತದ ರಾಸಾಯನಿಕಗಳನ್ನು ಅದು ಒಟ್ಟಿಗೇ ಹೊರಹಾಕುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಪರಾಮರ್ಶೆಯೂ ಉಪ್ಪುನೀರಿನ ತೊಳೆತದಿಂದ ಅಲರ್ಜಿಯ ತೊಂದರೆ ಮೂರು ತಿಂಗಳವರೆಗಿನ ಅವಧಿಯಲ್ಲಿ ಕಡಿಮೆಯಾಗಬಹುದು ಎಂದಿತು. ಪುರಾವೆಗಳ ಗುಣಮಟ್ಟ ಕೆಳಮಟ್ಟದ್ದೆಂದೂ ಅದೇ ಉಸಿರಿನಲ್ಲಿ ಹೇಳಿತು. ಕಡಿಮೆ ಖರ್ಚು, ಸರಿಯಾಗಿ ಮಾಡಿದರೆ ಕಡಿಮೆ ಅಪಾಯ. ಹಾಗಾಗಿ ಪ್ರಯತ್ನಿಸಲು ಯೋಗ್ಯ. ‘ಸರಿಯಾಗಿ ಮಾಡಿದರೆ’ ಎಂಬುದರಲ್ಲಿ ನೀರಿನ ಪಾತ್ರವೇ ದೊಡ್ಡದು.

ನಲ್ಲಿಯ ನೀರು, ಬಾವಿಯ ನೀರು, ಕೊಳವೆಬಾವಿಯ ನೀರನ್ನು ನೇರವಾಗಿ ಮೂಗಿಗೆ ಹಾಕಲೇಬೇಡಿ. ಮನೆಯ ಆರ್‌ಒ ಯಂತ್ರದ ನೀರು ಕುಡಿಯಲು ಸರಿ, ಮೂಗಿಗೆ ಸಾಲದು. ಕಾರಣ, ಮಿದುಳು ತಿನ್ನುವ ಅಮೀಬಾ ಎಂದು ಹೆಸರಾದ ನೆಗ್ಲೇರಿಯಾ ಫೌಲೆರಿ. ಕುಡಿದ ನೀರಿನಿಂದ ಅದು ಏನೂ ಮಾಡದು. ಮೂಗಿನ ಮೂಲಕ ಹೋದರೆ ಮಿದುಳಿಗೆ ಏರುತ್ತದೆ, ಬದುಕುಳಿಯುವವರು ವಿರಳ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ನಲ್ಲಿನೀರಿನ ನೇತಿಯಿಂದಲೇ ಸತ್ತರು. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾ ಮಿದುಳುಜ್ವರದ ಪ್ರಕರಣಗಳು ಸಾಲಾಗಿ ವರದಿಯಾದದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ನೀರು ಕುದಿಸಿದರೆ ಈ ಭಯವಿಲ್ಲ.

ಕ್ರಮ ಹೀಗೆ:

1. ಅರ್ಧ ಲೀಟರ್ ನೀರನ್ನು ಕುದಿಸಿ. ಗುಳ್ಳೆ ಎದ್ದು ಮಗುಚತೊಡಗಿದ ಮೇಲೆ ಮೂರರಿಂದ ಐದು ನಿಮಿಷ ಹಾಗೆಯೇ ಬಿಡಿ. ಮುಚ್ಚಿಟ್ಟು, ಕೈಗೆ ಬೆಚ್ಚಗೆನಿಸುವಷ್ಟು ಆರಿಸಿ. ಉಳಿದದ್ದನ್ನು ಶುಚಿಯಾದ ಮುಚ್ಚಿದ ಪಾತ್ರೆಯಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು.

2. ಆ ಅರ್ಧ ಲೀಟರಿಗೆ ತಲೆ ಸವರಿದ ಮುಕ್ಕಾಲು ಟೀ ಚಮಚ, ಅಂದರೆ ಸುಮಾರು 4.5 ಗ್ರಾಂ ಉಪ್ಪು. ನಮ್ಮ ರಕ್ತದ ಲವಣಾಂಶಕ್ಕೆ ಹತ್ತಿರವಾದ ಶೇ 0.9ರ ದ್ರಾವಣ ಇದರಿಂದ ಸಿಗುತ್ತದೆ. ಉಪ್ಪು ಕಡಿಮೆಯಾದರೂ ಉರಿ, ವಿಪರೀತವಾದರೂ ಉರಿ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಇನ್ನೂ ಮೃದು. ಅಯೋಡಿನ್ ಮತ್ತು ಉದುರುದುರಾಗಿಡುವ ಪದಾರ್ಥ ಸೇರಿದ ಪುಡಿ ಉಪ್ಪು ಕೆಲವರಿಗೆ ಚುರುಗುಟ್ಟುತ್ತದೆ. ಕಲ್ಲುಪ್ಪಿನಲ್ಲಿ ಕಸ ಇರುತ್ತದೆ. ಔಷಧದ ಅಂಗಡಿಯಲ್ಲಿ ಇದಕ್ಕೆಂದೇ ಸಿಗುವ ಪೊಟ್ಟಣ ತಂದರೆ ಈ ತಾಪತ್ರಯವೇ ಇಲ್ಲ.

3. ಕೈ ತೊಳೆದುಕೊಳ್ಳಿ. ನೇತಿ ಪಾತ್ರೆ ಅಥವಾ ಹಿಂಡುವ ಬಾಟಲಿಗೆ ನೀರು ತುಂಬಿ, ತೊಟ್ಟಿಯ ಮೇಲೆ ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ.

4. ಬಾಯಿಯಿಂದ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನವಾಗಿ ನೀರು ಬಿಡಿ. ಅದು ಕೆಳಗಿನ ಹೊಳ್ಳೆಯಿಂದ ಹೊರಬರುತ್ತದೆ. ಈ ಹೊತ್ತಿನಲ್ಲಿ ಮಾತು, ನಗು, ನುಂಗುವುದು ಬೇಡ. ಗಂಟಲಿಗೆ ಇಳಿದರೆ ತಲೆಯನ್ನು ಇನ್ನಷ್ಟು ಬಗ್ಗಿಸಿ, ಉಗುಳಿ. ಅರ್ಧ ಮುಗಿದ ಮೇಲೆ ಇನ್ನೊಂದು ಪಕ್ಕ.

5. ಮುಗಿದ ಮೇಲೆ ಮುಂದೆ ಬಗ್ಗಿ ನೀರು ಬಸಿದುಹೋಗಲು ಬಿಡಿ. ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಊದಿ. ಒಂದನ್ನು ಒತ್ತಿಹಿಡಿದು ಜೋರಾಗಿ ಊದಿದರೆ ನೀರು ಕಿವಿಯ ಕಡೆ ಹೋಗುತ್ತದೆ.

6. ಪಾತ್ರೆಯನ್ನು ತೊಳೆದು ಪೂರ್ತಿ ಒಣಗಿಸಿ. ಒದ್ದೆ ಬಾಟಲಿ ರೋಗಾಣುಗಳ ತವರು. ಅದನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಿ.

ಹೊರಗಿನಿಂದ ಬಂದ ಮೇಲೆ ಸಂಜೆ ಮಾಡುವುದು ಎಲ್ಲಕ್ಕಿಂತ ಉಪಯುಕ್ತ. ಮಲಗುವ ಮುನ್ನ ಒಂದು ಗಂಟೆಯಾದರೂ ಬಿಡುವಿರಲಿ. ಒಳಗೆ ಉಳಿದ ನೀರು ದಿಂಬಿನ ಮೇಲೆ ಸುರಿಯುವುದು ತಪ್ಪುತ್ತದೆ. ವೈದ್ಯರು ಮೂಗಿಗೆ ಸ್ಪ್ರೇ ಕೊಟ್ಟಿದ್ದರೆ ತೊಳೆತ ಮೊದಲು, ಸ್ಪ್ರೇ ಆಮೇಲೆ. ಮೂಗು ಪೂರ್ತಿ ಕಟ್ಟಿ ನೀರು ದಾಟದಿದ್ದಾಗ, ಕಿವಿ ಸೋಂಕಿದ್ದಾಗ, ಮೂಗಿನ ಶಸ್ತ್ರಚಿಕಿತ್ಸೆ ಆದ ಹೊಸತರಲ್ಲಿ, ಪದೇಪದೇ ಮೂಗಿನಿಂದ ರಕ್ತ ಬರುವವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ವೈದ್ಯರನ್ನು ಕೇಳದೆ ಮಾಡಕೂಡದು. ಚಿಕ್ಕ ಮಕ್ಕಳಿಗೆ ಔಷಧದ ಅಂಗಡಿಯ ಲವಣದ್ರಾವಣದ ಹನಿ ಅಥವಾ ಸ್ಪ್ರೇ ಸಾಕು. ಗರ್ಭಿಣಿಯರಿಗೂ ಅದು ನಿರಪಾಯಕರ. ದಾರ ಹಾಕಿ ಮಾಡುವ ಸೂತ್ರನೇತಿಯನ್ನು ವಿಡಿಯೊ ನೋಡಿ ಕಲಿಯುವ ಸಾಹಸ ಬೇಡ.

ಹಂತ 6: ಆವಿ ಮತ್ತು ಉಸಿರಾಟ

ಬಿಸಿ ಆವಿ ಕಟ್ಟಿದ ಮೂಗನ್ನು ಒಂದಷ್ಟು ಹೊತ್ತು ಸಡಿಲಿಸಿದಂತೆ ಅನಿಸುತ್ತದೆ. ಅಲರ್ಜಿಯನ್ನು ಅದು ಮುಟ್ಟುವುದಿಲ್ಲ. ಹಿತವೆನಿಸಿದರೆ ದೊಡ್ಡವರು ತೆಗೆದುಕೊಳ್ಳಲಿ. ಮಕ್ಕಳಿಗೆ ಕುದಿನೀರಿನ ಪಾತ್ರೆಯ ಮೇಲೆ ಕಂಬಳಿ ಮುಸುಕು ಹಾಕುವುದನ್ನು ಬಿಟ್ಟುಬಿಡಿ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆಗಳಿಗೆ ಹೊಸಬರಲ್ಲ. ಆ ನೀರಿಗೆ ನೀಲಗಿರಿ ಎಣ್ಣೆ, ಕರ್ಪೂರ ಹಾಕುವ ರೂಢಿಯೂ ಎಳೆಯ ಮಕ್ಕಳ ಹತ್ತಿರ ಸಲ್ಲದು. ಕರ್ಪೂರ ಹೊಟ್ಟೆಗೆ ಹೋದರೆ, ಅಷ್ಟೇಕೆ, ಕೆಲವೊಮ್ಮೆ ಮೈಗೆ ತಿಕ್ಕಿದರೂ ಪುಟ್ಟ ಮಕ್ಕಳಲ್ಲಿ ಅಪಸ್ಮಾರದಂಥ ಸೆಳೆತ ಬಂದದ್ದುಂಟು.

ಭ್ರಾಮರಿ ಪ್ರಾಣಾಯಾಮದ ವಿಷಯದಲ್ಲಿ ಒಂದು ಕುತೂಹಲದ ಸಂಗತಿ ಇದೆ. ಬಾಯಿ ಮುಚ್ಚಿ ಗುಂಯ್‌ಗುಟ್ಟುವಾಗ ಸೈನಸ್ ಕುಹರಗಳಲ್ಲಿನ ನೈಟ್ರಿಕ್ ಆಕ್ಸೈಡ್ ಅನಿಲ ಮೂಗಿಗೆ ಹರಿದುಬರುವುದು ಸುಮ್ಮನೆ ಉಸಿರು ಬಿಡುವಾಗಿಗಿಂತ ಹಲವು ಪಟ್ಟು ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಅಳೆದು ತೋರಿಸಿದರು. ಅದರಿಂದ ಅಲರ್ಜಿ ಗುಣವಾಗುತ್ತದೆ ಎಂದು ಹೇಳುವಷ್ಟು ದೂರ ಹೋಗಬೇಡಿ. ಸೈನಸ್‌ಗೆ ಗಾಳಿಯಾಡುತ್ತದೆ, ಮನಸ್ಸು ತಣಿಯುತ್ತದೆ, ನಷ್ಟವೇನೂ ಇಲ್ಲ. ಮೂಗು ಕಟ್ಟಿರುವಾಗ ಕಪಾಲಭಾತಿಯ ರಭಸ ಮಾತ್ರ ಬೇಡ.

ಹಂತ 7: ಈಗ ಅಡುಗೆಮನೆ

ಕರಿಮೆಣಸಿನ ಸಾರು ಕುಡಿದಾಗ ಮೂಗು ಸೋರಿ ಹಗುರವೆನಿಸುವುದು ಖಾರ ನರಗಳನ್ನು ಕೆರಳಿಸುವುದರಿಂದ. ಅದು ಗಂಟೆಯ ಸುಖ, ಅಷ್ಟೇ. ದೊಡ್ಡಪತ್ರೆ ತಂಬುಳಿ, ಶುಂಠಿ ಕಷಾಯ, ತುಳಸಿ ನೀರು, ಬಿಸಿ ಹಾಲಿಗೆ ಅರಿಸಿನ ಇವೆಲ್ಲ ಗಂಟಲಿಗೆ ಹಿತ. ಊಟದ ಪ್ರಮಾಣದಲ್ಲಿದ್ದರೆ ಖಂಡಿತ ಕುಡಿಯಿರಿ. ಅಲರ್ಜಿಯನ್ನು ತಡೆಯುವ ಭಾರವನ್ನು ಅವುಗಳ ಮೇಲೆ ಹೊರಿಸಬೇಡಿ.

ಊರಿನ ಜೇನು ತಿಂದರೆ ಊರಿನ ಪರಾಗಕ್ಕೆ ಮೈ ಒಗ್ಗುತ್ತದೆ ಎಂಬ ವಾದ ಕೇಳಲು ಚೆಂದ. ಆದರೆ ಜೇನಿನಲ್ಲಿರುವುದು ಹೆಚ್ಚಾಗಿ ಜೇನ್ನೊಣ ಹೊತ್ತ ಭಾರದ ಪರಾಗ. ನಮ್ಮನ್ನು ಸೀನಿಸುವುದು ಗಾಳಿಯ ಪರಾಗ. ಒಂದು ವರ್ಷದೊಳಗಿನ ಮಗುವಿಗೆ ಜೇನನ್ನು ನೆಕ್ಕಿಸಲೂ ಬಾರದು. ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿದು ಯಕೃತ್ತಿಗೆ ಹಾನಿ ಮಾಡಿಕೊಂಡವರ ಪ್ರಕರಣಗಳು 2021ರಲ್ಲಿ ಮುಂಬೈಯಿಂದ ವರದಿಯಾದವು. ಜ್ಯೇಷ್ಠಮಧು ಅತಿಯಾದರೆ ರಕ್ತದೊತ್ತಡ ಏರುತ್ತದೆ. ಬೆಳ್ಳುಳ್ಳಿ ರಸ, ಸಾಸಿವೆ ಎಣ್ಣೆಯನ್ನು ಮೂಗಿಗೆ ಬಿಡುವುದು ಶುದ್ಧ ಹಿಂಸೆ. ಮೂಗು ಬಿಡಿಸಲು ತಾತಂದಿರು ಏರಿಸುತ್ತಿದ್ದ ನಶ್ಯ ಹೊಗೆಸೊಪ್ಪಿನ ಪುಡಿ; ಅದನ್ನು ಮದ್ದೆಂದು ಕರೆಯುವುದೇ ತಪ್ಪು.

ಮೊಸರು, ಬಾಳೆಹಣ್ಣು, ಸೀತಾಫಲಗಳ ಮೇಲಿನ ನಿಷೇಧವನ್ನೂ ಒಮ್ಮೆ ಪರೀಕ್ಷಿಸಿ ನೋಡಿ. ಹಾಲುಮೊಸರು ಕಫ ಹೆಚ್ಚಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಬೆಳೆಯುವ ಮಗುವಿನ ತಟ್ಟೆಯಿಂದ ಮೊಸರನ್ನು ಕಿತ್ತು, ಅದೇ ಮಗುವನ್ನು ಹತ್ತು ವರ್ಷ ಹಳೆಯ ದಿಂಬಿನ ಮೇಲೆ ಮಲಗಿಸುವ ಮನೆಗಳು ನಮ್ಮಲ್ಲಿ ಬಹಳ.

ಹಂತ 8: ವೈದ್ಯರ ಬಳಿ ಹೋಗಬೇಕಾದಾಗ

ಉಸಿರಾಡುವಾಗ ಸುಯ್‌ಸುಯ್ ಶಬ್ದ, ಎದೆ ಬಿಗಿತ, ರಾತ್ರಿ ಕೆಮ್ಮು ಇದ್ದರೆ ಕಾಯಬೇಡಿ. ಮೂಗಿನ ಅಲರ್ಜಿ ಮತ್ತು ಆಸ್ತಮಾ ಒಂದೇ ಶ್ವಾಸಮಾರ್ಗದ ಎರಡು ತುದಿಗಳು. ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಒಂದೇ ಕಡೆ ರಕ್ತ, ಮುಖದ ನೋವಿನೊಂದಿಗೆ ಜ್ವರ, ವಾಸನೆ ಪೂರ್ತಿ ತಿಳಿಯದಿರುವುದು, ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸೋರಿಕೆ, ತಲೆಗೆ ಪೆಟ್ಟಾದ ನಂತರ ಒಂದು ಹೊಳ್ಳೆಯಿಂದ ತೊಟ್ಟಿಕ್ಕುವ ತಿಳಿನೀರು ಇವು ಅಲರ್ಜಿಯ ಲಕ್ಷಣಗಳಲ್ಲ. ಕಿವಿ, ಮೂಗು, ಗಂಟಲು ತಜ್ಞರೇ ನೋಡಬೇಕು.

ಮೂಗು ಕಟ್ಟಿದಾಗ ತಾವೇ ಕೊಂಡು ಹಾಕಿಕೊಳ್ಳುವ ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಹನಿಗಳ ಬಗ್ಗೆ ಎಚ್ಚರ. ಹಾಕಿದ ಕೂಡಲೇ ಮೂಗು ತೆರೆಯುತ್ತದೆ. ನಾಲ್ಕೈದು ದಿನ ಮೀರಿ ಹಾಕಿದರೆ ಹನಿ ಇಲ್ಲದೆ ಮೂಗು ತೆರೆಯದ ಸ್ಥಿತಿ ಬರುತ್ತದೆ. ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಬೇರೆ ವಸ್ತು. ಹೆಸರು ಕೇಳಿ ಬೆಚ್ಚಬೇಕಿಲ್ಲ. ಅದು ಬಹುಪಾಲು ಮೂಗಿನಲ್ಲೇ ಕೆಲಸ ಮಾಡುತ್ತದೆ, ಕಾಡುವ ಅಲರ್ಜಿಗೆ ಇರುವ ಔಷಧಗಳಲ್ಲಿ ಹೆಚ್ಚು ಪರಿಣಾಮಕಾರಿಯೂ ಹೌದು. ಪೂರ್ಣ ಫಲಕ್ಕೆ ಒಂದೆರಡು ವಾರ ದಿನವೂ ಬಳಸಬೇಕು. ನುಸಿ ಹತೋಟಿ ಮತ್ತು ಉಪ್ಪುನೀರನ್ನು ಒಂದೆರಡು ತಿಂಗಳು ಶ್ರದ್ಧೆಯಿಂದ ಮಾಡಿಯೂ ನಿದ್ದೆ, ಓದು, ಕೆಲಸ ಕೆಡುತ್ತಿದ್ದರೆ ಔಷಧಿಯನ್ನು ಇನ್ನೂ ಮುಂದೂಡುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ.

ಕಾರ್ಯಕಾರಣ ಖಚಿತವಾಗಬೇಕೆಂದರೆ ಚರ್ಮ ಚುಚ್ಚಿ ನೋಡುವ ಪರೀಕ್ಷೆ ಇದೆ. ಮುಂದೋಳಿನ ಮೇಲೆ ನುಸಿ, ಪರಾಗ, ಜಿರಲೆ ಮುಂತಾದವುಗಳ ಸಾರದ ಹನಿ ಇಟ್ಟು ಮೆಲ್ಲಗೆ ಚುಚ್ಚುತ್ತಾರೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಸೊಳ್ಳೆ ಕಚ್ಚಿದಂಥ ದದ್ದು ಎದ್ದರೆ ಅದಕ್ಕೆ ಅಲರ್ಜಿ ಇರಬಹುದು. ಸೆಟ್ರಿಜಿನ್‌ನಂಥ ಅಲರ್ಜಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಫಲಿತಾಂಶ ಸುಳ್ಳಾಗುತ್ತದೆ, ಆದ್ದರಿಂದ ಸುಮಾರು ಒಂದು ವಾರ ಮೊದಲೇ ಅದನ್ನು ನಿಲ್ಲಿಸಲು ವೈದ್ಯರು ಹೇಳುತ್ತಾರೆ. ನೂರಾರು ಆಹಾರಗಳ ಹೆಸರಿರುವ ದುಬಾರಿ ರಕ್ತಪರೀಕ್ಷೆಯ ಪಟ್ಟಿ ಮಾಡಿಸಿಕೊಂಡು, ಅದರಲ್ಲಿ ಕೆಂಪಾಗಿ ಕಂಡದ್ದನ್ನೆಲ್ಲ ಊಟದಿಂದ ಬಿಡುವ ಅಗತ್ಯವಿಲ್ಲ. ಮೂಗಿನ ಅಲರ್ಜಿಗೆ ಆಹಾರ ಕಾರಣವಾಗುವುದು ಅಪರೂಪ. ಪರೀಕ್ಷೆಗೆ ಹೋಗುವಾಗ ಎರಡನೆಯ ಹಂತದಲ್ಲಿ ಬರೆದಿಟ್ಟ ನೋಟುಪುಸ್ತಕವನ್ನೂ ಕೊಂಡೊಯ್ಯಿರಿ. ದದ್ದು ಎದ್ದ ಪದಾರ್ಥಗಳಲ್ಲಿ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಯಾವುದು ಎಂದು ತೀರ್ಮಾನಿಸಲು ವೈದ್ಯರಿಗೆ ಅದು ಬೇಕಾಗುತ್ತದೆ.